ನೆರಳು ಕಲಿಸಿದ ಪಾಠ

ನಿಮ್ಮ ಮನೆಯ ಗೋಡೆಯಲ್ಲೂ ನಮಾಝಿನ ವೇಳಾಪಟ್ಟಿಯಿರುವ ಕ್ಯಾಲೆಂಡರ್ ಇರಬಹುದು. ಅದರಲ್ಲಿ ಅಸರ್‌ನ ಸಮಯ ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ?

ವರ್ಷಗಟ್ಟಲೆ ಮದ್ರಸದಲ್ಲಿ ಆ ಪಾಠ ಕಲಿಸಿದ ನಾನೂ ಯೋಚಿಸಿರಲಿಲ್ಲ. ನಡು ಮಧ್ಯಾಹ್ನದ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅಸರ್ ಆರಂಭ. ಹನಫಿ ಮದ್‌ಹಬ್‌ನಲ್ಲಿ ಎರಡರಷ್ಟಾದಾಗ. ಹೀಗೆ ಮಕ್ಕಳಿಂದ ಬಾಯಿಪಾಠ ಹೇಳಿಸುತ್ತಿದ್ದೆ. ಒಂದು ಮೇ ತಿಂಗಳಲ್ಲಿ ಹುಡುಗನೊಬ್ಬ ಎದ್ದು, "ಉಸ್ತಾದ್, ನೀವು ಅಳೆದು ನೋಡಿದ್ದೀರಾ?" ಎಂದ. ಮಕ್ಕಳೆಲ್ಲ ನಕ್ಕರು. ನಾನು ಗದರಿಸಿ ಕೂರಿಸಿದೆ.

ಅಂದು ರಾತ್ರಿ ನನಗೆ ಇಬ್ನು ಶಾತಿರ್ ನೆನಪಾದರು. 1304ರಲ್ಲಿ ದಮಾಸ್ಕಸ್‌ನಲ್ಲಿ ಹುಟ್ಟಿದ ಅವರು ಅಲ್ಲಿನ ಉಮವೀ ಮಸೀದಿಯಲ್ಲಿ ಮುವಕ್ಕಿತ್, ಅಂದರೆ ನಮಾಝಿನ ಸಮಯ ನಿರ್ಣಯಿಸುವವರಾಗಿದ್ದರು. 1371ರ ಹೊತ್ತಿಗೆ ಮಸೀದಿಯ ಉತ್ತರದ ಮಿನಾರಕ್ಕಾಗಿ ಸುಮಾರು ಎರಡು ಮೀಟರ್ ಉದ್ದದ ಅಮೃತಶಿಲೆಯ ಸೂರ್ಯ ಗಡಿಯಾರ ರಚಿಸಿದರು. ಅದರ ನೆರಳುಕಡ್ಡಿಯನ್ನು ನೇರ ನಿಲ್ಲಿಸದೆ, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿಟ್ಟರು. ಇದರಿಂದ ವರ್ಷವಿಡೀ ಸಮಾನ ಗಂಟೆಗಳನ್ನು ಓದಬಹುದಿತ್ತು. ನಮಾಝಿನ ವೇಳೆ ತಿಳಿಯುವ ರೇಖೆಗಳನ್ನೂ ಕೊರೆದಿದ್ದರು. ಮೂಲ ಶಿಲೆ ಒಡೆದುದರಿಂದ 1876ರಲ್ಲಿ ತಂತಾವಿ ಎಂಬವರು ಅದರ ಪ್ರತಿ ಮಾಡಿದರು. ಮೂಲದ ತುಂಡುಗಳು ದಮಾಸ್ಕಸ್ ಮ್ಯೂಸಿಯಂ ಸೇರಿದವು.

ಅವರಿಗೆ ಇಬಾದತ್ ಮತ್ತು ಗಣಿತ ಬೇರೆ ಬೇರೆಯಾಗಿರಲಿಲ್ಲ. ನಾನೋ, ಅಂಗಳಕ್ಕಿಳಿಯದೆ ನೆರಳಿನ ಪಾಠ ಮಾಡುತ್ತಿದ್ದೆ!

ಮರುದಿನ ಆ ಹುಡುಗನ ಕೈಗೇ ಒಂದು ಮೀಟರ್ ಉದ್ದದ ಕೋಲು ಕೊಟ್ಟು ಅಂಗಳದಲ್ಲಿ ನೆಡಿಸಿದೆ. ನೆರಳು ಅತಿ ಗಿಡ್ಡವಾದದ್ದು 12 ಗಂಟೆಗಲ್ಲ, 12.30ರ ಸುಮಾರಿಗೆ. ನಮ್ಮ ಕೈಗಡಿಯಾರ ಇಡೀ ದೇಶಕ್ಕೆ ಒಂದೇ. ಸೂರ್ಯ ಮಾತ್ರ ಪಶ್ಚಿಮ ಕರಾವಳಿಯ ನಮ್ಮೂರಿಗೆ ತಡವಾಗಿ ಬರುತ್ತಾನೆ. ಆ ಪುಟ್ಟ ನೆರಳು ದಕ್ಷಿಣಕ್ಕೆ ಬಿದ್ದಿತ್ತು! ಮೇ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಈ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಅಂದೇ ಮೊದಲು.

ಎಲ್ಲ ಮಕ್ಕಳ ಮುಂದೆ ಗದರಿಸಿದವನು ಎಲ್ಲರ ಮುಂದೆಯೇ ಹೇಳಬೇಕಲ್ಲವೇ? "ಮಗೂ, ನೀನು ಕೇಳಿದ್ದು ಸರಿ. ನಾನು ಅಳೆದಿರಲಿಲ್ಲ" ಎಂದೆ. ಅವನು ನಾಚಿ ತಲೆ ತಗ್ಗಿಸಿದ. ನನ್ನೆದೆಯ ಭಾರ ಇಳಿಯಿತು.

ನಿಮ್ಮ ಮಕ್ಕಳೂ ಇಂತಹ ಪ್ರಶ್ನೆ ಕೇಳಿಯಾರು. ದಯವಿಟ್ಟು ಗದರಿಸಬೇಡಿ. ಒಂದು ಕೋಲು ಹಿಡಿದು ಅವರೊಂದಿಗೆ ಅಂಗಳಕ್ಕಿಳಿಯಿರಿ. ನೆರಳನ್ನು ಚಾಚುವವನೂ ಕುಗ್ಗಿಸುವವನೂ ಯಾರೆಂಬುದು ಅವರಿಗೆ ಅಲ್ಲೇ ತಿಳಿದೀತು.