ಅದೆಲ್ಲೈತೆ ತೋರ್ಸಿ ಪಾಸ್ಟ್ರೆ

ಈ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು "ನೋಡಿ, ದಲಿತ ಮುಖಂಡನೇ ಮತಾಂತರದ ವಿರುದ್ಧ ಬರೆದಿದ್ದಾನೆ" ಅಂತ ಹಂಚೋಕೆ ಕಾದಿರುವವರಿಗೆ ಮೊದಲೇ ಹೇಳಿಬಿಡ್ತೀನಿ. ನಾನು ಮತಾಂತರದ ವಿರೋಧಿಯಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಮಾಡಿದ್ದೂ ಮತಾಂತರವೇ. 2022ರ ಕರ್ನಾಟಕದ ಮತಾಂತರ ಕಾಯ್ದೆ ವಿರುದ್ಧ ಬೀದಿಗಿಳಿದವರಲ್ಲಿ ನಾನೂ ಒಬ್ಬ. ನನ್ನ ಸಿಟ್ಟು ಬೇರೆ ಕಡೆಗೆ.

ಹೋದ ವರ್ಷ ತುರುವೇಕೆರೆ ಕಡೆ ನಮ್ಮ ಚಿಕ್ಕಮ್ಮ ಇರೋ ಕಾಲೋನಿಗೆ ಒಬ್ಬ ಬೋಧಕ ಬರೋಕೆ ಶುರು ಮಾಡಿದ. ಅಲ್ಲಿನ ಹಳೇ ಸಭೆಯವನಲ್ಲ. ಮೈಕು, ಕೀಬೋರ್ಡು, ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವನು. ಪ್ರಾರ್ಥನೆಯ ಎಣ್ಣೆ ಹಚ್ಚಿದ ಮೇಲೂ ಸಕ್ಕರೆ ಕಾಯಿಲೆ ಮಾತ್ರೆ ನುಂಗಿದರೆ ಅದು ಅಪನಂಬಿಕೆ ಅಂದ. ಕೂಲಿಯಲ್ಲಿ ಹತ್ತನೇ ಪಾಲು ಕೊಡದಿದ್ದರೆ ದೇವರಿಂದ ಕದ್ದ ಹಾಗೆ ಅಂದ. ಅದರ ಮೇಲೆ 'ಬೀಜದ ಕಾಣಿಕೆ' ಬೇರೆ, ಬಿತ್ತಿದರೆ ನೂರರಷ್ಟು ಬರುತ್ತಂತೆ. ಬಿತ್ತೋರು ಯಾರು? ತೋಟದವರ ಅಟ್ಟದಿಂದ ಇಳಿಸಿದ ಕಾಯಿ ಹತ್ರ ದಿನವಿಡೀ ಕೂತು ಕೈಯೆಲ್ಲ ಬೊಬ್ಬೆ ಬಂದ ಹೆಂಗಸರು. ಕೊಬ್ಬರಿ ರೇಟು ಏರಿದರೆ ಇವರ ಕೂಲಿ ಏರಲ್ಲ, ಇಳಿದರೆ ಮೊದಲು ಕಮ್ಮಿಯಾಗೋದು ಇವರದ್ದೇ.

ಪಕ್ಕದ ಮನೆಯಾಕೆ ಅವನ ಮಾತು ನಂಬಿ ಮಾತ್ರೆ ಬಿಟ್ಟಳು. ಕಾಲಿನ ಗಾಯ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು.

ಚಿಕ್ಕಮ್ಮನಿಗೆ ಅಕ್ಷರ ಬಂದಿದ್ದು 90ರ ದಶಕದ ಸಾಕ್ಷರತಾ ಆಂದೋಲನದ ರಾತ್ರಿ ಕ್ಲಾಸಲ್ಲಿ. ಆಮೇಲೆ ಪೂರ್ತಿ ಓದಿದ ಪುಸ್ತಕ ಒಂದೇ, ಸತ್ಯವೇದ. ಕೂಟದ ಮಧ್ಯೆ ಎದ್ದು ನಿಂತು ಕೇಳಿದಳು: "ಪಾಸ್ಟ್ರೆ, ಮಾತ್ರೆ ಬಿಡು ಅಂತ ಎಲ್ಲೈತೆ ತೋರ್ಸಿ." ತಿಮೊಥೆಗೆ ಹೊಟ್ಟೆ ನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದವನು ಪೌಲನೇ. ಅವನ ಜೊತೆಗಿದ್ದ ಲೂಕನೇ ವೈದ್ಯ. ಬೋಧಕನಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ.

ಮಾತು ತಿರುಗಿಸಿ ಮಲಾಕಿಯ ಮೂರನೇ ಅಧ್ಯಾಯದ ಹತ್ತನೇ ವಚನಕ್ಕೆ ಹೋದ. ದಶಮಾಂಶದ ಮಾತು ಇರೋದು ಅಲ್ಲೇ. "ಐದು ವಚನ ಮೇಲಿಂದ ಓದಿ" ಅಂದಳು ಚಿಕ್ಕಮ್ಮ. ಅಲ್ಲಿರೋದು ಕೂಲಿಯವನ ಕೂಲಿ ಹಿಡಿಯೋರು, ವಿಧವೆಯರನ್ನ, ಅನಾಥರನ್ನ ಪೀಡಿಸೋರ ವಿರುದ್ಧ ದೇವರೇ ಸಾಕ್ಷಿ ನಿಲ್ಲೋ ಮಾತು. "ಇದನ್ನ ತೋಟದ ಯಜಮಾನ್ರ ಮನೆ ಮುಂದೆ ಯಾಕೆ ಓದಲ್ಲ?" ಅಂದಾಗ ಕೀಬೋರ್ಡು ನಿಂತುಹೋಯ್ತಂತೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಮೂರು ವರ್ಷಕ್ಕೊಮ್ಮೆ ಆ ಹತ್ತನೇ ಪಾಲು ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಹೊಟ್ಟೆಗೂ ಹೋಗಬೇಕು. ಆ ಲೆಕ್ಕಕ್ಕೆ ಅವನೇ ನಮ್ಮ ಹೆಂಗಸರಿಗೆ ಬಾಕಿ.

ನನಗೆ ತುಂಬಾ ಇಷ್ಟವಾದದ್ದು ಎಲೀಷನ ಕಥೆ. ನಾಮಾನನ ಕುಷ್ಠ ವಾಸಿಯಾದಾಗ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಅವನ ಆಳು ಗೇಹಜಿ ಹಿಂದೆ ಓಡಿಹೋಗಿ ಸುಳ್ಳು ಹೇಳಿ ಬೆಳ್ಳಿ, ಬಟ್ಟೆ ಇಸಕೊಂಡ. ಕುಷ್ಠ ಅವನಿಗೇ ಬಂತು. ವಾಸಿ ಮಾಡ್ತೀನಿ ಅಂತ ಗೂಗಲ್ ಪೇ ನಂಬರ್ ಕೊಡೋರು ಈ ಅಧ್ಯಾಯ ಯಾವತ್ತೂ ತೆರೆಯಲ್ಲ. ಬಡವಿಧವೆಯ ಎರಡು ಕಾಸಿನ ಕಥೆಯನ್ನಂತೂ ಕಾಣಿಕೆ ಎತ್ತುವಾಗೆಲ್ಲ ಹೇಳ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಅದರ ಮೇಲುಗಡೆಯೇ, ವಿಧವೆಯರ ಮನೆಗಳನ್ನ ನುಂಗೋ ಶಾಸ್ತ್ರಿಗಳನ್ನ ಯೇಸು ಬೈದಿದ್ದಾನೆ. ಬೈಗುಳ ಬಿಟ್ಟು ಕಾಸು ಮಾತ್ರ ಎತ್ತಿಕೊಳ್ಳೋದು ಇವರ ಕಸುಬು.

ವಚನ ಬಾಯಿಗೆ ಬಂದರೆ ಸಾಲದು. ದೇವಾಲಯದ ತುದಿಯಲ್ಲಿ ಯೇಸುವಿಗೆ 91ನೇ ಕೀರ್ತನೆ ಒಪ್ಪಿಸಿದವನು ಸೈತಾನ. ಹಿಂದೆ ಏನಿದೆ, ಮುಂದೆ ಏನಿದೆ ಅಂತ ನೋಡಬೇಕು. ಬೆರೋಯ ಅನ್ನೋ ಊರಿನ ಜನ ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದರು. ಬೈಬಲ್ ಅವರನ್ನ ಹೊಗಳಿದೆ, ಅಪನಂಬಿಕೆಯವರು ಅಂದಿಲ್ಲ. ಕಾಯಿ ಅಲ್ಲಾಡಿಸಿ ಸದ್ದಿನ ಮೇಲೇ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳೋ ಜನ ನಾವು. ಬೋಧನೆಯನ್ನ ಮಾತ್ರ ಅಲ್ಲಾಡಿಸಬಾರದಾ?

ವೇದ ಕೇಳಿದ ಶೂದ್ರನ ಕಿವಿಗೇ ಕಾದ ಲೋಹ ಹುಯ್ಯಿ ಅಂದ ಧರ್ಮಸೂತ್ರದ ನಾಡು ಇದು. ನಮ್ಮವರನ್ನಂತೂ ಹತ್ತಿರಕ್ಕೇ ಬಿಡಲಿಲ್ಲ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು 1831ರ ಹೊತ್ತಿಗೆ ಇಡೀ ಬೈಬಲನ್ನ ಕನ್ನಡಕ್ಕೆ ತಂದರು. ಅದೇ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನವರು ನಮ್ಮ ಪಕ್ಕದ ಗುಬ್ಬಿಗೆ ಬಂದರು. ಮಿಷನರಿಗಳ ರಾಜಕೀಯದ ಬಗ್ಗೆ ನನಗೆ ತಕರಾರಿದೆ, ಅದು ಇನ್ನೊಂದು ದಿನಕ್ಕೆ. ಆದರೆ ಧರ್ಮಗ್ರಂಥ ಅನ್ನಿಸಿಕೊಂಡ ಪುಸ್ತಕವೊಂದು ನಮ್ಮ ಭಾಷೆಯಲ್ಲಿ ನಮ್ಮವರ ಕೈಗೆ ಬಂತಲ್ಲ, ಅದು ಸಣ್ಣ ವಿಷಯ ಅಲ್ಲ. ಅದನ್ನ ಮತ್ತೆ ಇನ್ನೊಬ್ಬ ಪುರೋಹಿತನ ಕೈಗೆ ಕೊಟ್ಟು ಕೈಕಟ್ಟಿ ನಿಲ್ಲೋದಾದರೆ ಹೊಲಗೇರಿ ಬಿಟ್ಟು ಬಂದದ್ದಾದರೂ ಯಾಕೆ?

ಹಳೇ ಸಭೆಗಳವರೂ ಮೀಸೆ ತಿರುವಬೇಕಿಲ್ಲ. ಚರ್ಚಿನೊಳಗೂ ಜಾತಿ ನೋಡಿ ಹೆಣ್ಣು ಕೊಡೋದು, ಕೆಲವು ಕಡೆ ಸ್ಮಶಾನವೂ ಬೇರೆ. ಮತಾಂತರವಾದವರ ಸ್ಥಿತಿಯ ಬಗ್ಗೆ ಬಾಬಾಸಾಹೇಬರು ಬರೆದದ್ದು ಇದನ್ನೇ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಪಂಕ್ತಿಯಿಂದ ಎದ್ದುಹೋದಾಗ ಪೌಲ ಎಲ್ಲರ ಎದುರೇ ಅವನ ತಪ್ಪು ಹಿಡಿದ. ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ, ತೆಗೆದು ನೋಡಿ. ಸಹಪಂಕ್ತಿ ಮುರಿಯೋದು ಸುವಾರ್ತೆಗೇ ವಿರುದ್ಧ ಅಂತ ಅಲ್ಲೇ ಇದೆ. ಎಣ್ಣೆ ಬಾಟ್ಲಿಗಿಂತ ಹಳೆಯ ಸುಳ್ಳುಬೋಧನೆ ಇದು.

ಆ ಬೋಧಕ ಈಗ ಬರ್ತಿಲ್ಲ. ಪಕ್ಕದ ಮನೆಯಾಕೆ ಮಾತ್ರೆ ತಗೋತಿದ್ದಾರೆ. ಭಾನುವಾರ ಸಂಜೆ ಚಿಕ್ಕಮ್ಮನ ಜಗಲಿ ಮೇಲೆ ಏಳೆಂಟು ಹೆಂಗಸರು ಕೂತು ಒಂದೊಂದು ಅಧ್ಯಾಯ ಓದ್ತಾರೆ, ಓದು ಬಾರದವರು ಪ್ರಶ್ನೆ ಕೇಳ್ತಾರೆ. ಈಗ ಗಲಾತ್ಯ ನಡೀತಿದೆ. ಇರೋದು ಎರಡೇ ಪುಸ್ತಕ, ಅಕ್ಷರ ಸಣ್ಣವು, ವಯಸ್ಸಾದವರಿಗೆ ಕಾಣಲ್ಲ. ದಪ್ಪಕ್ಷರದ ಸತ್ಯವೇದ ಯಾರ ಹತ್ರ ಇದ್ದರೂ ಇನ್‌ಬಾಕ್ಸ್‌ಗೆ ಬನ್ನಿ, ನಾನೇ ಬಂದು ತಗೊಂಡು ಹೋಗ್ತೀನಿ.

ಜೈ ಭೀಮ್.