ತೊಳೆಯದ ತೊಟ್ಟಿ
ಮೀನು ಸಾಕಿದವರಿಗೆ ಭಾನುವಾರವೆಂದರೆ ತೊಟ್ಟಿ ತೊಳೆಯುವ ದಿನ. ಸಿಗಡಿ ಸಾಕಿದವರಿಗೆ ಆ ಕಾಟವಿಲ್ಲ. ಗಾಜಿಗೆ ಹಸಿರು ಹತ್ತಲಿ, ಕಲ್ಲಿನ ಮೇಲೆ ಲೋಳೆ ಕೂರಲಿ, ಎಲೆ ಅಲ್ಲೇ ಕೊಳೆಯಲಿ. ಅವು ಉಣ್ಣುವುದೇ ಅದನ್ನು. ಸೋಮಾರಿತನಕ್ಕೆ ಇಷ್ಟು ಗಟ್ಟಿಯಾದ ಶಾಸ್ತ್ರಾಧಾರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಾನು ಹೇಳುತ್ತಿರುವುದು ಚೆರ್ರಿ ಸಿಗಡಿಯ ವಿಷಯ. ಚೀನಾ, ತೈವಾನ್ ಕಡೆಯ ಹಳ್ಳಗಳಲ್ಲಿ ಮಣ್ಣುಬಣ್ಣ ಹೊತ್ತು ತಿರುಗುತ್ತಿದ್ದ ಜೀವಿ ಇದು. ಕೆಂಪಗಿರುವುದನ್ನೇ ಆರಿಸಿ ಆರಿಸಿ ಮರಿ ಮಾಡಿಸಿ ಕುಂಕುಮದ ಬಣ್ಣಕ್ಕೆ ತಂದಿದ್ದಾರೆ. ಎಷ್ಟು ಬೆಳೆದರೂ ಇಂಚಿನಷ್ಟು. ಕುಂದಾಪುರದ ನೆಂಟರೊಬ್ಬರು ಗಾಜಿಗೆ ಮೂಗು ತಾಗಿಸಿ ನೋಡಿ, “ಅಷ್ಟನ್ನೂ ಹಿಡಿದರೂ ಒಂದು ಚಟ್ನಿಗೆ ಸಾಲದು” ಎಂದು ತೀರ್ಪು ಕೊಟ್ಟರು. ಒಣಸಿಗಡಿ ಚಟ್ನಿ ಉಂಡು ಬೆಳೆದವರ ಲೆಕ್ಕ, ತಪ್ಪೆನ್ನುವಂತಿಲ್ಲ.

ಹೆಣ್ಣಿನ ಬೆನ್ನಿನ ಮೇಲೆ, ತಲೆಯ ಹಿಂಬದಿಗೆ, ಹಳದಿ ಮಚ್ಚೆ ಕಂಡರೆ ಒಳಗೆ ಮೊಟ್ಟೆ ತಯಾರಾಗುತ್ತಿದೆ ಎಂದರ್ಥ. ಆಮೇಲೆ ಒಂದು ದಿನ ಪೊರೆ ಕಳಚುತ್ತಾಳೆ. ಆ ವಾಸನೆ ನೀರಿಗೆ ಬೆರೆತದ್ದೇ ತಡ, ಅಷ್ಟು ಹೊತ್ತು ತಲೆಬಗ್ಗಿಸಿ ಪಾಚಿ ಮೇಯುತ್ತಿದ್ದ ಗಂಡುಗಳೆಲ್ಲ ಹುಚ್ಚೆದ್ದು ತೊಟ್ಟಿಯ ಉದ್ದಗಲ ಈಜಾಡುತ್ತವೆ. ಆ ಗಲಾಟೆ ಮುಗಿದ ಮೇಲೆ ನೋಡಿದರೆ ಮೊಟ್ಟೆ ಬೆನ್ನಿನಿಂದ ಹೊಟ್ಟೆಯಡಿಗೆ ಇಳಿದಿರುತ್ತದೆ. ಸಾಮಾನ್ಯವಾಗಿ 20–30. ಬಾಣಂತನವೆಲ್ಲ ಅವಳದೇ: ಹಗಲೂ ರಾತ್ರಿ ಈಜುಗಾಲು ಆಡಿಸಿ ಮೊಟ್ಟೆಗಳಿಗೆ ಹೊಸ ನೀರು ತಾಗಿಸುತ್ತಾಳೆ, ಆಗಾಗ ಕಾಲಿನಿಂದ ಒಂದೊಂದನ್ನೇ ತಿರುವಿ ಚೊಕ್ಕ ಮಾಡುತ್ತಾಳೆ. ಮೂರು–ನಾಲ್ಕು ವಾರ ಇದೇ ಕೆಲಸ. ಕೊನೆಕೊನೆಗೆ ಭೂತಗನ್ನಡಿ ಹಿಡಿದರೆ ಪ್ರತಿ ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕೆ. ಕಣ್ಣು!

ಇದರ ದಾಯಾದಿಯಾದ ಅಮಾನೊ ಸಿಗಡಿಯ ಸಂಸಾರ ಇಷ್ಟು ಸಲೀಸಲ್ಲ. ಜಪಾನಿನ ತಕಾಶಿ ಅಮಾನೊ 1980ರ ದಶಕದಲ್ಲಿ ಪಾಚಿ ತಿನ್ನಲೆಂದು ಅದನ್ನು ತಮ್ಮ ತೊಟ್ಟಿಗಳಿಗೆ ಬಿಟ್ಟು ಹೆಸರುವಾಸಿ ಮಾಡಿದರು. ಅದರ ಮರಿಗೆ ಮಾತ್ರ ಉಪ್ಪುನೀರೇ ಬೇಕು. ಹೊಳೆಯಲ್ಲಿ ಹುಟ್ಟಿ ಕಡಲಿಗೆ ತೇಲಿಹೋಗಿ ಬೆಳೆದು ಹಿಂದಿರುಗುವ ಜಾತಿ. ಚೆರ್ರಿಯ ಮರಿಗೆ ಆ ತೀರ್ಥಯಾತ್ರೆ ಇಲ್ಲ. ಹುಟ್ಟುವಾಗಲೇ ಅಮ್ಮನ ಪಡಿಯಚ್ಚು. ಎರಡು ಮಿಲಿಮೀಟರಿನ ಆ ಗಾಜಿನ ಚೂರಿನಂಥ ಮೈಗೆ ಮೀಸೆ, ಕಾಲು, ಬಾಲ ಎಲ್ಲವೂ ಉಂಟು.

ಅಂಥ ಮರಿಯನ್ನು ಸಾಮಾನ್ಯ ಫಿಲ್ಟರ್ ಸುಲಭವಾಗಿ ಎಳೆದುಕೊಂಡುಬಿಡುತ್ತದೆ. ಸ್ಪಂಜಿನ ಫಿಲ್ಟರಾದರೆ ಅದರ ಮೇಲೇ ಕೂತು ಮೇಯುತ್ತವೆ. ಜಾವಾ ಮಾಸ್ ಒಂದು ಹಿಡಿ, ಬೀದಿಯ ಕಾಡುಬಾದಾಮಿ ಮರದ ಒಣ ಎಲೆ ಒಂದೆರಡು ಇದ್ದರೆ ಅಡಗಲು, ತಿನ್ನಲು ಸಾಕು. ಗಪ್ಪಿಯಂಥ ಸಾಧು ಮೀನೂ ಮರಿ ಕಂಡರೆ ನುಂಗದೆ ಬಿಡದು. ನಲ್ಲಿ ನೀರಿನ ಕ್ಲೋರಿನ್ ಹೋಗಿರಬೇಕು. ಕಳಚಿದ ಪೊರೆಯನ್ನು ಎತ್ತಿ ಬಿಸಾಡಬಾರದು. ಅದನ್ನೇ ತಿಂದು ಸುಣ್ಣದಂಶ ಮರಳಿ ಪಡೆಯುತ್ತವೆ.

ಆದರೆ ನಮ್ಮ ಮನೆಗಳ ನಿಜವಾದ ಅಪಾಯ ಬೇರೆಯೇ ಇದೆ. ಆರೋಗ್ಯಕ್ಕೆಂದು ನಾವು ತಾಮ್ರದ ಬಿಂದಿಗೆಯಲ್ಲಿಟ್ಟು ಕುಡಿಯುವ ನೀರು ಸಿಗಡಿಗೆ ವಿಷ. ಸೊಳ್ಳೆಗೆಂದು ಹೊಡೆಯುವ ಸ್ಪ್ರೇಯೂ ಅಷ್ಟೇ: ಸೊಳ್ಳೆಯ ನರಕ್ಕೆ ತಾಗುವ ಮದ್ದು ಸಿಗಡಿಯ ನರವನ್ನೂ ಬಿಡುವುದಿಲ್ಲ. ಸ್ವಚ್ಛತೆಯ ಉತ್ಸಾಹ ಹೆಚ್ಚಿರುವ ಮನೆಗಳಲ್ಲಿ ಸಿಗಡಿ ಬಾಳುವುದು ಕಷ್ಟ.

ಬಾಳಿದರೆ ಎರಡು–ಮೂರು ತಿಂಗಳಲ್ಲಿ ಮರಿಗಳೇ ತಾಯಿಯಾಗುತ್ತವೆ, ತೊಟ್ಟಿ ಕಿಕ್ಕಿರಿಯುತ್ತದೆ. ಹೆಚ್ಚಾದವನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ಹೋಗಬೇಡಿ. ಜರ್ಮನಿ, ಪೋಲೆಂಡಿನಲ್ಲಿ ವಿದ್ಯುತ್ ಸ್ಥಾವರಗಳ ಬಿಸಿನೀರು ಬೀಳುವ ಕಾಲುವೆಗಳಲ್ಲಿ ಇವು ಆಗಲೇ ಠಿಕಾಣಿ ಹೂಡಿವೆ. ನಮ್ಮ ಕೆರೆಗಳಿಗಂತೂ ನೀರು ಕಾಯಿಸಿಕೊಡುವ ಅಗತ್ಯವೂ ಇಲ್ಲ. ಕೇಳಿದವರಿಗೆ ಕೊಡಿ. ನನ್ನಲ್ಲೂ ಬೇಕಾದಷ್ಟಿವೆ, ಬಾಟಲಿ ತಂದರೆ ಹತ್ತು ಹಾಕಿಕೊಡುತ್ತೇನೆ. ತೊಟ್ಟಿಗೆ ಮಾತ್ರ ತಿಂಗಳು ಮೊದಲೇ ನೀರು ತುಂಬಿಸಿ, ತೊಳೆಯದೆ ಇಟ್ಟಿರಿ.