ಕೋವಿಯ ಒದೆ

ಕೋವಿ ಒದೆಯುತ್ತದೆ, ಒದೆಸಿಕೊಂಡವರಿಗೇ ಅದರ ರುಚಿ ಗೊತ್ತು. ಕೊಡಗಿನ ನನ್ನ ಸೋದರಮಾವನವರಲ್ಲಿ ಒಂದು ಹಗುರವಾದ ಬೇಟೆ ರೈಫಲ್ ಇತ್ತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದಕ್ಕೆ ಬೇಟೆ ತಪ್ಪಿ, ಕೈಲ್ ಮುಹೂರ್ತದ ಹಬ್ಬದ ತೆಂಗಿನಕಾಯಿಯೊಂದೇ ಗುರಿಯಾಗಿ ಉಳಿದಿತ್ತು.

ಹುಡುಗನಾಗಿದ್ದ ನಾನು ಹಗುರವೆಂದು ಹಿಗ್ಗಿ ಎತ್ತಿಕೊಂಡೆ. ಒದೆಗೆ ಹೆದರಿ ಕೋವಿಯ ಬುಡವನ್ನು ಭುಜದಿಂದ ಎರಡು ಬೆರಳು ದೂರ ಹಿಡಿದೆ. ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಭುಜ ಮಾತ್ರ ಎಂಟು ದಿನ ನೇರಳೆಹಣ್ಣಾಗಿತ್ತು.

ಮಾವ ನಕ್ಕರು. “ಗುಂಡು ಅದೇ ಇದ್ದು ಕೋವಿಯ ತೂಕ ಅರ್ಧವಾದರೆ ಒದೆಯ ಕಸುವು ಎರಡರಷ್ಟು, ಮಗಾ. ದೂರ ಇಟ್ಟರೆ ಓಡಿಬಂದು ಗುದ್ದುತ್ತದೆ. ಅಪ್ಪಿಕೊಂಡರೆ ನಿನ್ನ ಮೈತೂಕವೂ ಅದಕ್ಕೆ ಸೇರುತ್ತದೆ.” ಬುಡಕ್ಕೊಂದು ರಬ್ಬರಿನ ಮೆತ್ತೆ ಕೂರಿಸಿಕೊಟ್ಟರು. ಮೆತ್ತೆಯಿದ್ದರೆ ಒದೆ ತಪ್ಪುವುದಿಲ್ಲ. ತುಸು ನಿಧಾನವಾಗಿ, ಅಗಲಕ್ಕೆ ಹರಡಿ ಬರುತ್ತದೆ, ಅಷ್ಟೆ. ಮುಂದಕ್ಕೆ ಬಾಗಿ ನಿಂತು ಹೊಡೆದೆ. ಕಾಯಿ ಒಡೆಯಿತು.

ಮಾವ ತೀರಿಕೊಂಡ ದಿನ, ಪದ್ಧತಿಯಂತೆ ಆಕಾಶಕ್ಕೆ ಗುಂಡು ಹಾರಿಸಲು ಅದೇ ಕೋವಿ ನನ್ನ ಕೈಗೆ ಬಂತು. ಬಿಗಿಯಾಗಿ ಅಪ್ಪಿಕೊಂಡೆ. ಭುಜಕ್ಕೆ ಏನೂ ಆಗಲಿಲ್ಲ. ನನ್ನ ಕಣ್ಣೀರು ಕಂಡ ಯಾರೋ ಹಿರಿಯರು, “ಒದೆಯಿತೇ?” ಎಂದು ಕೇಳಿದರು.

ಹೌದೆಂದೆ.